ದೇವರಾಯನದುರ್ಗದಲ್ಲಿ ಗಾಳಿ ಎದ್ದ ಮಧ್ಯಾಹ್ನ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಏಳುವಷ್ಟರಲ್ಲೇ ಹನ್ನೊಂದಾಗಿತ್ತು. ತಪ್ಪು ನನ್ನದೇ. ಮಾರ್ಚ್‌ನಲ್ಲಿ ಬೆಟ್ಟ ಹತ್ತುವವರು ಬೆಳಗ್ಗೆ ಆರಕ್ಕೇ ಬುಡದಲ್ಲಿರಬೇಕು. ಆದರೆ ಬಿಸಿ ಇಡ್ಲಿ ಮೇಲೆ ಬೆಣ್ಣೆ ಕರಗುತ್ತಿರುವಾಗ ಗಡಿಯಾರ ಯಾರು ನೋಡ್ತಾರೆ? ಬೈಕಿನ ಹಿಂದೆ ಭಾಮೈದ ಕೂತಿದ್ದ. ಅವನ ಜೇಬಿನಲ್ಲಿ ಒಂದು ಪ್ಯಾಕ್ ಸಿಗರೇಟು, ಒಂದು ಬೆಂಕಿಪೊಟ್ಟಣ.

ಬೆಳಗುಂಬ ದಾಟಿ ನಾಮದ ಚಿಲುಮೆಗೆ ಬಂದೆವು. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟ, ಬಂಡೆಯಿಂದ ನೀರು ಬಂತು ಅಂತ ಇಲ್ಲಿನ ಕತೆ. ಒರತೆಯಲ್ಲಿ ನೀರಿತ್ತು. ಆದರೆ ಸುತ್ತಲ ಕಾಡೆಲ್ಲ ಒಣಗಿ ಕಡ್ಡಿಯಾಗಿತ್ತು. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವ ಬೆಟ್ಟಸಾಲು ಇದೇ ಅಂದರೆ ಆ ಹೊತ್ತಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ದುರ್ಗದ ಎತ್ತರ ಸುಮಾರು 3,900 ಅಡಿ. ಮೊದಲು ಇದು ಜಡಕನ ದುರ್ಗವಾಗಿತ್ತಂತೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಈಗಿನ ಹೆಸರು ಬಂತು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಎರಡೂ ಕಡೆ ಕೈಮುಗಿದು, ಬಂಡೆಗಳ ಆಚೆ ಹಳದಿ ಗಂಟಲಿನ ಪಿಕಳಾರ ಹಕ್ಕಿ ಕಾಣಬಹುದೇನೋ ಅಂತ ಕಾಲುದಾರಿ ಹಿಡಿದೆವು. ನೂರು ಹೆಜ್ಜೆ ಹೋಗಿರಲಿಲ್ಲ.

"ಯಜಮಾನ್ರೇ, ಎಲ್ಲಿಗೆ?"

ಮರದ ನೆರಳಲ್ಲಿ, ಕಾಡಿಗೆ ಬೆಂಕಿ ಬೀಳದಂತೆ ಕಾಯುವವರೊಬ್ಬರು ಕೂತಿದ್ದರು. ಪಕ್ಕದಲ್ಲಿ ಮಚ್ಚು, ನೀರಿನ ಕ್ಯಾನು, ಆಗಷ್ಟೇ ಕಡಿದ ಹಸಿ ಸೊಪ್ಪಿನ ಕೊಂಬೆ.

"ಸುಮ್ನೆ, ಆ ಬಂಡೆ ತನಕ ಹೋಗ್ಬರ್ತೀವಿ ಅಣ್ಣ."

ಅವರು ಉತ್ತರ ಕೊಡಲಿಲ್ಲ. ಒಂದು ಹುಲ್ಲಿನ ದಂಟು ಕಿತ್ತು ನನ್ನ ಕಿವಿ ಹತ್ತಿರ ಹಿಡಿದು ಮುರಿದರು. ಹಪ್ಪಳ ಮುರಿದ ಹಾಗೆ ಟಕ್ ಅಂತು. "ಬೆಳಗ್ಗೆ ಇದು ಬಾಗ್ತಿತ್ತು. ಈಗ ನೋಡಿ."

ನಿಜ. ತೆಳ್ಳಗಿನ ಒಣಹುಲ್ಲು ಗಾಳಿಯ ಪಸೆಯನ್ನು ನೋಡಿಕೊಂಡು ಒಂದೆರಡು ಗಂಟೆಯಲ್ಲೇ ಬದಲಾಗುತ್ತದೆ. ದಪ್ಪ ದಿಮ್ಮಿಗೆ ವಾರಗಳೇ ಬೇಕು. ಹಾಗಾಗಿ ಬೆಳಗಿನ ಬೆಟ್ಟವೇ ಬೇರೆ, ಮಧ್ಯಾಹ್ನದ ಬೆಟ್ಟವೇ ಬೇರೆ. ಮೊಬೈಲ್ ತೆಗೆದು ನೋಡಿದೆ. ಬಿಸಿಲು 34 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇಕಡಾ 22. ಬೆಂಕಿ ಆರಿಸುವವರ ಬಳಿ ಒಂದು ಸುಲಭದ ಲೆಕ್ಕವಿದೆ. ಬಿಸಿಲು 30 ಡಿಗ್ರಿ ದಾಟಿ, ತೇವಾಂಶ ಶೇಕಡಾ 30ಕ್ಕಿಂತ ಇಳಿದು, ಗಾಳಿ ಗಂಟೆಗೆ 30 ಕಿಲೋಮೀಟರ್ ಮೀರಿದರೆ ಒಂದು ಕಿಡಿ ಸಾಕು. ಮೊದಲೆರಡು ಆಗಲೇ ಆಗಿಹೋಗಿದ್ದವು. ಮೂರನೆಯದನ್ನು ಅಳೆಯಲು ಮೊಬೈಲ್ ಬೇಕಿರಲಿಲ್ಲ, ನನ್ನ ಟೋಪಿ ಹಾರಿ ಲಾಂಟಾನ ಪೊದೆಗೆ ಸಿಕ್ಕಿಕೊಂಡಿತ್ತು.

"ಬೆಂಕಿ ಬಂದ್ರೆ ಮೇಲಕ್ಕೆ ಓಡಿದ್ರಾಯ್ತು" ಅಂದ ಭಾಮೈದ.

ಅಣ್ಣನಿಗೆ ನಗು ಬಂತು. "ಏರಿನಲ್ಲಿ ನಿಮಗೆ ಏದುಸಿರು ಬರುತ್ತೆ ಸ್ವಾಮಿ, ಅದಕ್ಕೆ ಬರಲ್ಲ."

ಇಳಿಜಾರಿನಲ್ಲಿ ಉರಿ ಮೇಲಿನ ಹುಲ್ಲಿನ ಕಡೆಗೇ ವಾಲಿರುತ್ತದೆ. ಮುಟ್ಟುವ ಮೊದಲೇ ಅದನ್ನು ಕಾಯಿಸಿ ಒಣಗಿಸಿಬಿಡುತ್ತದೆ. ಏರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನಾವು ಹೋಗಬೇಕೆಂದಿದ್ದ ಬಂಡೆ ಎರಡು ಗುಡ್ಡಗಳ ಸಂದಿನ ಮೇಲಿತ್ತು. ಗಾಳಿ ಅದೇ ಸಂದಿನಲ್ಲಿ ಶಿಳ್ಳೆ ಹಾಕುತ್ತಿತ್ತು. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳೋಣ ಅಂತ ಅರ್ಧ ಗಂಟೆ ಹಿಂದೆ ಹೇಳಿದ್ದವನು ನಾನೇ!

ಕೆಳಗೆ ಕಪ್ಪು ಪಟ್ಟೆಯೊಂದು ಕಾಣುತ್ತಿತ್ತು. ಅದು ಬೆಂಕಿ ರೇಖೆ. ಬೇಸಿಗೆ ಬಲಿಯುವ ಮೊದಲೇ ಹುಲ್ಲು ಸವರಿ, ಕಾವಲು ನಿಂತು ಸುಟ್ಟು ಮಾಡುವ ಗಡಿ. ನೆಲದ ಮೇಲೆ ಬರುವ ಬೆಂಕಿ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಇವತ್ತಿನ ಗಾಳಿಯಲ್ಲಿ ನಿಲ್ಲುತ್ತಾ ಅಂತ ಕೇಳಿದೆ.

"ಕಿಡಿ ಹಾರ್ಕೊಂಡ್ ದಾಟುತ್ತೆ" ಅಂದರು. ಅದಕ್ಕಿಂತ ಅವರಿಗೆ ದೊಡ್ಡ ತಲೆನೋವು ಅಂದರೆ ಒಣ ಸಗಣಿ. ಮೇಲೆ ಬೂದಿ, ಒಳಗೆ ಕೆಂಡ. ಆರಿತು ಅಂತ ಎಲ್ಲರೂ ಮನೆಗೆ ಹೋದ ಮೇಲೆ ಗಾಳಿ ಬಂದು ಊದುತ್ತದೆ. ಸುಟ್ಟ ಮೋಟು ಉರುಳಿಕೊಂಡು ಕೆಳಗೆ ಸುಡದೆ ಉಳಿದ ಹುಲ್ಲಿಗೆ ಬೆಂಕಿ ಹಚ್ಚುವುದೂ ಉಂಟು. ಅದಕ್ಕೇ ಆರಿಸುವುದಕ್ಕಿಂತ ಆಮೇಲೆ ಕಾಯುವ ಕೆಲಸವೇ ಜಾಸ್ತಿ. ಉಪಗ್ರಹ ಮೇಲಿಂದ ಬೆಂಕಿ ನೋಡಿ ಇಲಾಖೆಯವರ ಮೊಬೈಲಿಗೆ ಸಂದೇಶ ಕಳಿಸುತ್ತದೆ, ಸರಿ. ಆದರೆ ಕೊನೆಗೆ ಸೊಪ್ಪು ಹಿಡಿದು ಬಡಿಯುವವರು ಇವರೇ ಅಲ್ವಾ?

ಹೊಸ ಹುಲ್ಲು ಚಿಗುರಲಿ ಅಂತ ಕುರಿ ಕಾಯುವವರೇ ಹಚ್ಚುತ್ತಾರೆ ಅನ್ನುವ ಮಾತು ಎಲ್ಲ ಕಡೆ ಇದೆ. ಕೆಲವು ಕಡೆ ನಿಜವೂ ಇರಬಹುದು. ಆದರೆ ದಾರಿಯುದ್ದಕ್ಕೂ ನಾನು ಕಂಡ ಸಿಗರೇಟು ತುಂಡುಗಳು ಕುರಿ ಕಾಯುವವರವಲ್ಲ.

ಅಣ್ಣ ಕೈ ಚಾಚಿದರು. ನನ್ನ ಕಡೆಗಲ್ಲ, ಭಾಮೈದನ ಕಡೆ. ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೊಟ್ಟ. ಅದು ಅವರ ಚೀಲ ಸೇರಿತು. "ಇಳಿಯುವಾಗ ಇಸ್ಕೊಳ್ಳಿ."

ಬಂಡೆಯ ಆಸೆ ಬಿಟ್ಟು ಅಲ್ಲೇ ಅರ್ಧ ಗಂಟೆ ಕೂತೆವು. ಪಿಕಳಾರ ಕಾಣಲಿಲ್ಲ, ಟೋಪಿ ಮಾತ್ರ ಸಿಕ್ಕಿತು. ಹೊರಡುವಾಗ ಬೆಂಕಿಪೊಟ್ಟಣ ವಾಪಸ್ ಕೇಳುವ ಧೈರ್ಯ ಭಾಮೈದನಿಗೆ ಬರಲಿಲ್ಲ. ಬೆಳಗುಂಬದ ಪೆಟ್ಟಿಗೆ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದೆ. ಸಿಗರೇಟು ಹಚ್ಚಿಕೊಂಡವನು ಅದು ಮುಗಿಯುವ ತನಕ ಬೆಟ್ಟದ ಕಡೆ ನೋಡುತ್ತಾ ನಿಂತ. ಆಮೇಲೆ ತುಂಡನ್ನು ಅಂಗಡಿಯ ನೀರಿನ ಬಕೆಟ್ಟಿಗೆ ಹಾಕಿದ. ಅಂಗಡಿಯವನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.