ಜೈಲಿನೊಳಗೆ 84 ದಿನದ ಲೆಕ್ಕ

2021ರ ಜೂನ್. ಮಳೆ ಹಿಡಿದಿತ್ತು. ಕೊರೊನಾ ಲಸಿಕೆಯ ಡಬ್ಬಿ ಇಟ್ಟುಕೊಂಡು ನಾವು ನಾಲ್ಕು ಜನ ಶಿವಮೊಗ್ಗದಿಂದ ಸೋಗಾನೆ ಜೈಲಿಗೆ ಹೊರಟೆವು. ಸೂಜಿ ಹಾಕುವುದು ಸಿಸ್ಟರ್ ಕೆಲಸ. ಹೆಸರು ಬರೆದು ಚೀಟಿ ಕೊಡುವುದು ನನ್ನದು.

ಹಿಂದಿನ ದಿನ ಪಕ್ಕದ ಮನೆಯವರು, "ನಮ್ಮ ಹುಡುಗರಿಗೇ ಸ್ಲಾಟ್ ಸಿಗ್ತಿಲ್ಲ, ಕಳ್ಳರಿಗೆ ಮೊದಲಾ?" ಅಂದಿದ್ದರು. ಸುಮ್ನೆ ನಕ್ಕಿದ್ದೆ. ದೇಶದ ಜೈಲುಗಳಲ್ಲಿರುವ ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಕಳ್ಳ ಹೌದೋ ಅಲ್ಲವೋ ಅಂತ ಕೋರ್ಟೇ ಇನ್ನೂ ಹೇಳಿಲ್ಲ. ಒಂದೇ ಬ್ಯಾರಕ್ಕಿನಲ್ಲಿ ಮಲಗುವವರಿಗೆ ದೂರ ದೂರ ಇರಿ ಅಂದರೆ ಎಲ್ಲಿಗೆ ಹೋಗಬೇಕು? ವಾರ್ಡರ್‌ಗಳಂತೂ ಡ್ಯೂಟಿ ಮುಗಿಸಿ ನಮ್ಮ ಬೀದಿಗೇ ವಾಪಸ್ ಬರುತ್ತಾರೆ, ಅಲ್ವಾ?

ಮೊಬೈಲ್ ಗೇಟಿನಲ್ಲೇ ಕೊಟ್ಟು ಒಳಗೆ ಹೋದೆವು. ತೀರ್ಥಹಳ್ಳಿ ಕಡೆಯ ಒಬ್ಬರು ಬಂದರು. ಐವತ್ತರ ಮೇಲಿನ ವಯಸ್ಸು, ಅಡಿಕೆ ಸುಲಿದು ಕಪ್ಪಾದ ಹೆಬ್ಬೆರಳು. ಅಭ್ಯಾಸಬಲದಿಂದ ಆಧಾರ್ ಕೇಳಿಬಿಟ್ಟೆ.

"ಅದು ಮನೇಲಿದೆ ಮೇಡಂ. ನಾನು ಇಲ್ಲಿದ್ದೀನಿ."

ನನ್ನದೇ ತಪ್ಪು. ಕಾರ್ಡು, ಮೊಬೈಲ್ ನಂಬರ್ ಇಲ್ಲದವರಿಗೂ ಲಸಿಕೆ ಹಾಕಿ ಅಂತ ಮೇ ತಿಂಗಳಲ್ಲೇ ಕೇಂದ್ರದ ನಿಯಮ ಬಂದಿತ್ತು. ಸಾಧುಗಳು, ಅಲೆಮಾರಿಗಳು, ವೃದ್ಧಾಶ್ರಮದವರ ಜೊತೆ ಕೈದಿಗಳೂ ಆ ಪಟ್ಟಿಯಲ್ಲಿದ್ದರು.

"ಎರಡನೇದು ಯಾವಾಗ?"

"84 ದಿನ ಆದ್ಮೇಲೆ."

"ಅಷ್ಟೊತ್ತಿಗೆ ಬೇಲ್ ಸಿಕ್ಕಿದ್ರೆ?"

ಸಾಲಿನಲ್ಲಿದ್ದವರು ನಕ್ಕರು. ಊರಿನ ಆಸ್ಪತ್ರೆಗೆ ಹೋಗಿ, ಈ ಚೀಟಿ ತೋರಿಸಿ ಅಂದೆ. ಮೊಬೈಲ್‌ಗೆ ಮೆಸೇಜ್ ಬರುವ ಹಾಗಿಲ್ಲ, ಈ ಕಾಗದವೇ ಎಲ್ಲ. ಇವರು ಯಾವತ್ತು ಹೊರಗೆ ಬರುತ್ತಾರೋ, ಆಮೇಲೆ ನೆನಪಿಸುವವರು ಯಾರೋ. ಅದಕ್ಕೆ ನನ್ನ ರಿಜಿಸ್ಟರಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಅವರು ಕೋರ್ಟಿನ ಕಾಗದಗಳಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ, ಮುಂದಿನ ವಾಯಿದೆ ಬರೆದಿದ್ದ ಹಾಳೆಯ ಹಿಂದೆ ಚೀಟಿ ಸೇರಿಸಿಕೊಂಡರು.

ಕೋವಿಶೀಲ್ಡಿನ ಒಂದು ಸೀಸೆ 10 ಜನಕ್ಕೆ. ಸೀಸೆಗೆ ಸೂಜಿ ಚುಚ್ಚಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕಿತ್ತು, ಇಲ್ಲದಿದ್ದರೆ ಚೆಲ್ಲಬೇಕಿತ್ತು. ಕೊನೆಯ ಸೀಸೆಯಲ್ಲಿ ಒಂದು ಡೋಸ್ ಉಳಿಯಿತು. ಬೆಳಿಗ್ಗೆ ಬೇಡವೆಂದಿದ್ದ ಹುಡುಗನೊಬ್ಬ ಬಾಗಿಲಲ್ಲಿ ನಿಂತಿದ್ದ. ಅವನ ಹೆದರಿಕೆ ಸೂಜಿಯದಲ್ಲ. ಜ್ವರ ಬಂದರೆ ಕೊರೊನಾ ಅಂತ ಬೇರೆ ಕೋಣೆಗೆ ಹಾಕುತ್ತಾರೆ ಅಂತ.

"ಜ್ವರ ಬಂದ್ರೆ ಇಂಜೆಕ್ಷನ್‌ದು ಅಂತ ಬರೆದುಕೊಡ್ತೀರಾ?"

ಸಿಸ್ಟರ್ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಚೀಟಿಯ ಹಿಂದೆ ಬರೆದೆ: ಒಂದೆರಡು ದಿನ ಜ್ವರ, ಮೈಕೈ ನೋವು ಇರಬಹುದು. ಅವನು ಎರಡು ಸಲ ಓದಿಕೊಂಡು ಅಂಗಿಯ ತೋಳು ಮಡಚಿದ.