ಎದೆನೀರಿನ ಸ್ಲೈಡು

1998ರಲ್ಲಿ ಡಿಎಂಎಲ್‌ಟಿಗೆ, ಅಂದರೆ ಲ್ಯಾಬ್ ತಂತ್ರಜ್ಞರ ಡಿಪ್ಲೊಮಾಗೆ, ಸೇರಿದಾಗ ಎದೆಯಲ್ಲೂ ನೀರು ತುಂಬಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಶ್ವಾಸಕೋಶದ ಪೊರೆಗಳ ನಡುವೆ ಸೇರುವ ಆ ನೀರು ಮಧ್ಯಾಹ್ನ ವಾರ್ಡಿನಿಂದ ನಮ್ಮ ಲ್ಯಾಬಿಗೆ ಬರುತ್ತಿತ್ತು. ನಮಗೆ ಕಲಿಸುತ್ತಿದ್ದ ಮೇಡಂ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲನೆ ವಾಲಿಸುತ್ತಿದ್ದರು. ಒಣಹುಲ್ಲಿನ ಬಣ್ಣದ ನೀರಿನಲ್ಲಿ ಜೇಡರ ಬಲೆಯಂಥ ಹೆಪ್ಪು ತೇಲಿದರೆ ಅವರ ಮುಖ ಸಪ್ಪಗಾಗುತ್ತಿತ್ತು. "ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಹಾಕಿಲ್ಲ ನೋಡ್ರಪ್ಪಾ, ಕಣಗಳೆಲ್ಲ ಇದರಲ್ಲೇ ಸಿಕ್ಕಿಕೊಂಡಿವೆ."

ಕಣಗಳು ಎದ್ದು ಕಾಣಲೆಂದು ಸ್ಲೈಡಿಗೆ ಲೀಶ್ಮನ್ ಬಣ್ಣ ಹಾಕಿ ಎರಡು ನಿಮಿಷ, ಮೇಲೆ ಬಫರ್ ನೀರು ಬಿಟ್ಟು ಇನ್ನು ಎಂಟು ಹತ್ತು ನಿಮಿಷ. ಆಮೇಲೆ ನೂರು ಬಿಳಿರಕ್ತ ಕಣ ಎಣಿಸಬೇಕು. ದುಂಡಗೆ, ಒಡಲ ತುಂಬ ಕಡುನೇರಳೆ ಬೀಜ (ಕೋಶಕೇಂದ್ರ) ಇರುವುದು ಲಿಂಫೋಸೈಟ್. ಬೀಜ ಕಾಳು ಪೋಣಿಸಿದಂತೆ ತುಂಡುತುಂಡಾಗಿರುವುದು ನ್ಯೂಟ್ರೋಫಿಲ್.

ಒಮ್ಮೆ ಒಬ್ಬ ಹುಡುಗನ ನೀರಿನಲ್ಲಿ ನ್ಯೂಟ್ರೋಫಿಲ್ 70, ಲಿಂಫೋಸೈಟ್ 30 ಬಂತು. ನ್ಯೂಟ್ರೋಫಿಲ್ ಹೆಚ್ಚಿದ್ದರಿಂದ ಇದು ಟಿ.ಬಿ. ಅಲ್ಲ, ನ್ಯುಮೋನಿಯಾದ ನೀರೇ ಇರಬೇಕೆಂದು ನಾನು ಧೈರ್ಯವಾಗಿ ಹೇಳಿದೆ. ಮೇಡಂ ಸ್ಲೈಡು ನೋಡುವ ಮೊದಲೇ ಕೇಳಿದರು: "ಜ್ವರ ಬಂದು ಎಷ್ಟು ದಿನ ಆಯ್ತು?" ನಾನು ವಿಚಾರಿಸಿರಲಿಲ್ಲ. ನಾಲ್ಕು ದಿನವಂತೆ. ಟಿ.ಬಿ.ಯ ನೀರಿನಲ್ಲೂ ಮೊದಲ ದಿನಗಳಲ್ಲಿ ನ್ಯೂಟ್ರೋಫಿಲ್‌ಗಳೇ ಮುಂದೆ ನುಗ್ಗುತ್ತವೆ, ಲಿಂಫೋಸೈಟ್‌ಗಳು ಆಮೇಲೆ ಬಂದು ನೆಲೆಯೂರುತ್ತವೆ ಎಂದು ಅಂದು ತಿಳಿಯಿತು. ಹತ್ತು ದಿನದ ನಂತರ ಮತ್ತೆ ತೆಗೆದ ನೀರಿನಲ್ಲಿ ಲಿಂಫೋಸೈಟ್ 88. ಪೊರೆಯ ಬಯಾಪ್ಸಿಯೂ ಟಿ.ಬಿ. ಎಂದೇ ಹೇಳಿತು. ನಾನು ಅಂದು ಹೇಳಿದ್ದನ್ನೇ ರಿಪೋರ್ಟಿನಲ್ಲಿ ಬರೆದಿದ್ದರೆ ಎಂಬ ಯೋಚನೆ ಈಗಲೂ ಎದೆ ನಡುಗಿಸುತ್ತದೆ.

ಈ ನೀರಿನಲ್ಲಿ ಟಿ.ಬಿ. ಕ್ರಿಮಿ ಕಣ್ಣಿಗೆ ಬೀಳುವುದೇ ಅಪರೂಪ. ಅಲ್ಲಿರುವ ಕ್ರಿಮಿ ಕಡಿಮೆ, ದೇಹದ ಪ್ರತಿಕ್ರಿಯೆಯೇ ಹೆಚ್ಚು. ಅದಕ್ಕೇ ಕಣಗಳ ಲೆಕ್ಕಕ್ಕೆ ಅಷ್ಟು ಬೆಲೆ. ಈಗ ನೀರಿನಲ್ಲಿ ಎಡಿಎ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆಯಿದೆ. ಲೀಟರಿಗೆ 40 ಯೂನಿಟ್ ದಾಟಿದರೆ ಟಿ.ಬಿ.ಯ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಎದೆಯಲ್ಲಿ ಕೀವು ತುಂಬಿದಾಗಲೂ ಎಡಿಎ ಏರುತ್ತದೆ. ಆಗ ಸ್ಲೈಡಿನ ತುಂಬ ನ್ಯೂಟ್ರೋಫಿಲ್. ಲಿಂಫೋಸೈಟ್ ಹೆಚ್ಚಿದ್ದರೂ ಕೆಲವೊಮ್ಮೆ ಕ್ಯಾನ್ಸರ್ ಇರಬಹುದು, ಅದನ್ನೂ ಮೇಡಂ ಹೇಳದೆ ಬಿಡುತ್ತಿರಲಿಲ್ಲ.

ನಾನೀಗ ಕೆಲಸ ಮಾಡುವಲ್ಲಿ ಕಣ ಎಣಿಸುವ ಯಂತ್ರವಿದೆ. ಎದೆನೀರು ಬಂದರೆ ಮಾತ್ರ ಸ್ಲೈಡು ಮಾಡಿ ನೂರು ಕಣ ನಾನೇ ಎಣಿಸುತ್ತೇನೆ. ಫಾರಂನಲ್ಲಿ ಜ್ವರದ ದಿನ ಬರೆದಿರದಿದ್ದರೆ ಮೊದಲು ವಾರ್ಡಿಗೆ ಫೋನು ಮಾಡುತ್ತೇನೆ.