ತಣ್ಣಗಿನ ಪಾದಗಳಿಗೆ ಶಾಖ: ಯಾರಿಗೆ ಹಿತ, ಯಾರಿಗೆ ಅಪಾಯ

ಪಾದಗಳು ಸದಾ ತಣ್ಣಗಿರುವವರಿಗೆ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವ ಸುಖವನ್ನು ಯಾರೂ ವಿವರಿಸಬೇಕಾಗಿಲ್ಲ. ನಾನೂ ಆ ಗುಂಪಿಗೆ ಸೇರಿದವನು. ಶಾಖದಿಂದ ಪಾದದ ರಕ್ತ ಸಂಚಾರ ಹೆಚ್ಚುತ್ತದೆ ಎಂಬ ಮಾತು ನಿಜವೇ. ಆದರೆ ಹೆಚ್ಚುವುದು ಬಹುಪಾಲು ಚರ್ಮದ ಮಟ್ಟದಲ್ಲಿ, ಅದೂ ತಾತ್ಕಾಲಿಕವಾಗಿ ಎಂಬುದನ್ನು ಜೊತೆಗೇ ಹೇಳದಿದ್ದರೆ ಆ ಮಾತು ಅರ್ಧ ಸತ್ಯವಾಗಿಬಿಡುತ್ತದೆ.

ಚರ್ಮ ಬೆಚ್ಚಗಾದ ಕೆಲವೇ ನಿಮಿಷಗಳಲ್ಲಿ ಅಲ್ಲಿನ ನರತುದಿಗಳು ಸುತ್ತಲಿನ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಅದರ ಬೆನ್ನಿಗೇ ನಾಳಗಳ ಒಳಪದರದಲ್ಲಿ ಉತ್ಪತ್ತಿಯಾಗುವ ನೈಟ್ರಿಕ್ ಆಕ್ಸೈಡ್ ಆ ಹಿಗ್ಗುವಿಕೆಯನ್ನು ಉಳಿಸಿಕೊಳ್ಳುತ್ತದೆ. ಇದಲ್ಲದೆ ಅಂಗಾಲಿನಲ್ಲಿಯೂ ಕಾಲ್ಬೆರಳುಗಳಲ್ಲಿಯೂ ಧಮನಿಯಿಂದ (ಹೃದಯದಿಂದ ರಕ್ತ ತರುವ ನಾಳ) ಅಭಿಧಮನಿಗೆ (ಹೃದಯಕ್ಕೆ ರಕ್ತ ಮರಳಿಸುವ ನಾಳ) ರಕ್ತವನ್ನು ನೇರವಾಗಿ ಹಾಯಿಸುವ ಅಡ್ಡದಾರಿಗಳಿದ್ದು, ಮೈಯ ಒಳಗಿನ ಶಾಖವನ್ನು ಕಾಪಾಡಬೇಕಾದಾಗ ದೇಹವು ಮೊದಲು ಮುಚ್ಚುವುದು ಇವುಗಳನ್ನೇ. ಆದುದರಿಂದ ಮೈಗೆ ಚಳಿಯಾಗುತ್ತಿರುವಾಗ ಪಾದಕ್ಕೆ ಮಾತ್ರ ಶಾಖ ಕೊಡುವುದಕ್ಕಿಂತ ಎದೆ, ಹೊಟ್ಟೆ, ಬೆನ್ನುಗಳನ್ನು ಬೆಚ್ಚಗೆ ಹೊದ್ದುಕೊಂಡರೆ ಪಾದಗಳು ತಾವಾಗಿಯೇ ಬೆಚ್ಚಗಾಗುವ ಸಂಭವ ಹೆಚ್ಚು. ತೆಳುವಾದ ಅಂಗಿ ತೊಟ್ಟು, ಕಾಲಿಗೆ ಎರಡೆರಡು ಕಾಲುಚೀಲ ಏರಿಸುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ನೀರಿನಲ್ಲಿ ಕಾಲಿಡುವುದಾದರೆ 37ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು, ಹದಿನೈದು ನಿಮಿಷದ ಆಸುಪಾಸಿನ ಅವಧಿಯೂ ಸಾಕು. ನೀರಿನ ಬಿಸಿಯನ್ನು ಥರ್ಮಾಮೀಟರಿನಿಂದ ಅಳೆಯುವುದು ಒಳ್ಳೆಯದು. ಅದಿಲ್ಲದಿದ್ದರೆ ಮೊಣಕೈಯನ್ನು ಅದ್ದಿ ನೋಡಬೇಕೇ ಹೊರತು ತಣ್ಣಗಾಗಿ ಮರಗಟ್ಟಿರುವ ಕಾಲ್ಬೆರಳಿನ ಮಾತನ್ನು ನಂಬಬಾರದು. ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಹಾಕಬಾರದು. ಮೂರನೆಯ ಎರಡು ಭಾಗದಷ್ಟು ತುಂಬಿ, ಗಾಳಿಯನ್ನು ಹೊರಹಾಕಿ, ಬಟ್ಟೆ ಸುತ್ತಿಯೇ ಬಳಸಬೇಕು. ಅದನ್ನು ಪಾದದಡಿ ಇಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸ ಮಾತ್ರ ಬೇಡ, ಏಕೆಂದರೆ ಚರ್ಮ ಸುಡುವುದು ಬಿಸಿಯ ಮಟ್ಟವನ್ನಷ್ಟೇ ಅಲ್ಲ, ಅವಧಿಯನ್ನೂ ಅವಲಂಬಿಸಿದೆ: 60 ಡಿಗ್ರಿಯಲ್ಲಿ ಸುಮಾರು ಐದು ಸೆಕೆಂಡುಗಳಲ್ಲಿ ಆಗುವ ಗಾಯ 44 ಡಿಗ್ರಿಯಲ್ಲಿ ಸುಮಾರು ಆರು ಗಂಟೆಗಳಲ್ಲಿ ಆಗಬಲ್ಲದು. ಸ್ನಾನಕ್ಕೆ ಹಿತವೆನಿಸುವುದಕ್ಕಿಂತ ತುಸುವೇ ಹೆಚ್ಚಿನ ಬಿಸಿ ಅದು.

ಮಧುಮೇಹದಿಂದ ಪಾದದ ನರಗಳು ಸೊರಗಿದವರಿಗೆ ಈ ಎಚ್ಚರಿಕೆಯೂ ಸಾಲದು. ಸುಡುತ್ತಿದೆ ಎಂಬ ಅರಿವೇ ಅವರಿಗೆ ಆಗದೆ, ಬೊಬ್ಬೆ ಎದ್ದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ಅಂತಹ ಗಾಯ ಮಾಯುವುದೂ ನಿಧಾನ. ಕಾಲಿನ ಧಮನಿಗಳು ಕಿರಿದಾಗಿರುವವರ ಕಷ್ಟ ಬೇರೆ ಬಗೆಯದು. ಬೆಚ್ಚಗಾದ ಅಂಗಾಂಶಕ್ಕೆ ಹೆಚ್ಚು ಆಮ್ಲಜನಕ ಬೇಕು, ಆದರೆ ಕಟ್ಟಿಕೊಂಡ ನಾಳ ಅಷ್ಟು ರಕ್ತವನ್ನು ತಲುಪಿಸಲಾರದು. ಬೇಡಿಕೆ ಏರಿ ಪೂರೈಕೆ ಏರದಿದ್ದರೆ ನೇರ ಶಾಖವೇ ಅಂಗಾಂಶಕ್ಕೆ ಹಾನಿ ಮಾಡಬಹುದು. ಇವರಿಬ್ಬರೂ ವೈದ್ಯರನ್ನು ಕೇಳದೆ ಪಾದಕ್ಕೆ ಶಾಖ ಕೊಡಬಾರದು. ಕಾಲು ಊದಿಕೊಂಡಿದ್ದಾಗ ಶಾಖದಿಂದ ಊತ ಹೆಚ್ಚುವುದುಂಟು.

ಆರೋಗ್ಯವಂತರಿಗೂ ಶಾಖಕ್ಕಿಂತ ನಡಿಗೆಯೇ ಮೇಲೆಂದು ನನ್ನ ಅಭಿಪ್ರಾಯ. ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬಿಗಿದು ಅಭಿಧಮನಿಯ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕುರ್ಚಿ ಬಿಟ್ಟು ಏಳಲಾಗದವರು ಹಿಮ್ಮಡಿ ಎತ್ತಿ ಇಳಿಸಿದರೂ ಆ ಕೆಲಸ ಸ್ವಲ್ಪಮಟ್ಟಿಗೆ ನಡೆಯುತ್ತದೆ. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಇಳಿಯುವಂತಿದ್ದರೆ ಧಮನಿಯ ತಪಾಸಣೆ ಅಗತ್ಯ. ಒಂದೇ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ನೋಯತೊಡಗಿದರೆ ಬಿಸಿನೀರು ಕಾಯಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.